ರಿಬ್ಬನ್ ಕಪ್ಪೋ, ಕೆಂಪೋ?

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್, ಒಂದು ಸ್ಪೈರಲ್ ಬೈಂಡಿಂಗ್ ಮೆಷಿನ್, ಕಾಲು ಅಲ್ಲಾಡುವ ಒಂದು ಸ್ಟೂಲು. ಮಾನಸಗಂಗೋತ್ರಿ ಹತ್ತಿರ ಇರುವುದರಿಂದ ಹೆಚ್ಚಿನ ಕೆಲಸ ಥೀಸಿಸ್‌ನದ್ದೇ. ನಡುನಡುವೆ ಬಾಡಿಗೆ ಕರಾರು, ಮದುವೆ ಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು.

ಹೋದ ತಿಂಗಳು ಒಬ್ಬ ಹುಡುಗ ಆ ಸ್ಟೂಲಿನ ಮೇಲೆ ಕೂತು ತನ್ನ ಮೂರನೇ ಅಧ್ಯಾಯ ತಿದ್ದಿಸುತ್ತಿದ್ದ. ಮಂಡ್ಯ ಕಡೆಯವನು. ಆ ಜಿಲ್ಲೆಯ ಊರುಗಳ ಹೆಸರಿನ ಮೇಲೆ ಸಂಶೋಧನೆ. ಸುಮ್ನೆ ಸ್ಕ್ರೀನ್ ನೋಡುತ್ತಿದ್ದವನು ಇದ್ದಕ್ಕಿದ್ದಂತೆ ಕೇಳಿದ: "ಅಕ್ಕಾ, ಇದೇನ್ ನಿಮ್ ಸಾಫ್ಟ್‌ವೇರು ಇಷ್ಟ್ ಹಳೇದು? ನಮ್ ಸ್ಕೂಲಲ್ಲಿ ಇದ್ದಿದ್ದೂ ಹಿಂಗೇ."

ಹಳೆಯದೇನಲ್ಲ. ವರ್ಡ್ ಥರದ್ದೇ ಇನ್ನೊಂದು, ಲಿಬ್ರೆಆಫೀಸ್, ಅದೂ ಹೊಸದೇ. ಮೇಲೆ ಮೆನು, ಅದರ ಕೆಳಗೆ ಎರಡು ಸಾಲು ಗುಂಡಿಗಳು, ಅಷ್ಟೇ. 2019ರ ಆವೃತ್ತಿಯಿಂದಲೇ ಅದರಲ್ಲಿ ಟ್ಯಾಬ್ ಟ್ಯಾಬ್ ಆಗಿ ಕಾಣುವ ಇನ್ನೊಂದು ನೋಟವೂ ಇದೆ. ಬೇಕಾದವರು ಬದಲಾಯಿಸಿಕೊಳ್ಳಬಹುದು. ನಾನು ಬದಲಾಯಿಸಿಕೊಂಡಿಲ್ಲ. "ನಿಂಗೆ ಥೀಸಿಸ್ ಬೇಕೋ, ಇದರ ಫೋಟೋ ಬೇಕೋ?" ಅಂದೆ. ನಕ್ಕ. ನಾನೂ ನಕ್ಕೆ. ಆದರೆ ಶಟರ್ ಎಳೆದು ಮನೆಗೆ ನಡೆಯುವಾಗ ಅವನ ಮಾತೇ ತಲೆಯಲ್ಲಿ ಓಡುತ್ತಿತ್ತು. ನಾನು ಯಾಕೆ ಅಷ್ಟು ಚುರುಕಾಗಿ ಬಾಯಿ ಮುಚ್ಚಿಸಿದೆ ಅಂತ. ಸಾಫ್ಟ್‌ವೇರ್‌ಗೆ ಹೊರಗಿನ ಅಂದ ಮುಖ್ಯವೋ, ಒಳಗಿನ ಸೌಲಭ್ಯ ಮುಖ್ಯವೋ ಅನ್ನುವ ಜಗಳದಲ್ಲಿ ನಾನು ಸೌಲಭ್ಯದ ಗುಂಪಿನವಳು.

ನಾನು ಟೈಪಿಂಗ್ ಕಲಿತದ್ದು ಕಂಪ್ಯೂಟರ್ ಮೇಲಲ್ಲ. ಟೈಪಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ, ಕನ್ನಡ ಟೈಪ್‌ರೈಟರ್ ಮೇಲೆ. ಅನಂತ ಸುಬ್ಬರಾವ್ ಅವರು ರೂಪಿಸಿದ ಕೀಲಿಮಣೆ ಅದು. ನಮ್ಮ ಮೇಷ್ಟ್ರು ಕೀಲಿಗಳ ಮೇಲೆ ಬಟ್ಟೆ ಹೊದಿಸಿ ಹೊಡೆಸುತ್ತಿದ್ದರು. ಕಣ್ಣು ಕೆಳಗೆ ಹೋದರೆ ಸ್ಕೇಲಿನಿಂದ ಮೇಜಿಗೆ ಒಂದು ಏಟು. ಆರು ತಿಂಗಳಲ್ಲಿ ಅಕ್ಷರಗಳು ತಲೆಯಿಂದ ಇಳಿದು ಬೆರಳಿಗೆ ಬಂದವು. ಆಮೇಲೆ ಕಂಪ್ಯೂಟರ್ ಬಂತು, ಕೆ.ಪಿ. ರಾವ್ ಅವರ ಕೀಲಿಮಣೆ ಬಂತು. ಇಂಗ್ಲಿಷ್ ಅಕ್ಷರದ ಸದ್ದಿನಂತೆಯೇ ಕನ್ನಡ ಅಕ್ಷರ, ಒತ್ತಕ್ಷರ ಬೇಕಾದರೆ ನಡುವೆ ಎಫ್. 'ಅಕ್ಕ' ಅನ್ನಲು ಎ, ಕೆ, ಎಫ್, ಕೆ. ಎಷ್ಟು ಸುಲಭ ಅಂತೀರಾ? ಹೊಸಬರಿಗೆ ಸುಲಭ. ನನಗೆ ಕಲಿತದ್ದನ್ನು ಮರೆಯಲು ಒಂದು ವರ್ಷ ಹಿಡಿಯಿತು. ಎರಡು ಸಲ ಬೆರಳಿಗೆ ಪಾಠ ಹೇಳಿದವಳು ನಾನು. ಮೂರನೇ ಸಲ ಯಾರಾದರೂ "ಹೊಸ ಡಿಸೈನ್ ಮಾಡಿದೀವಿ" ಅಂದರೆ ಮೊದಲು ಸಿಟ್ಟೇ ಬರುವುದು.

2007ರಲ್ಲಿ ಮೈಕ್ರೋಸಾಫ್ಟ್ ವರ್ಡ್‌ನ ಮುಖ ಪೂರ್ತಿ ಬದಲಾಯಿತು. ಮೆನುಗಳು ಹೋದವು. ಅಗಲವಾದ ಪಟ್ಟಿಯೊಂದು ಬಂತು. ಅದಕ್ಕೆ ಅವರು ಇಟ್ಟ ಹೆಸರು ರಿಬ್ಬನ್. ಊರಿನ ಡಿಟಿಪಿ ಅಂಗಡಿಗಳಲ್ಲೆಲ್ಲ ಅದರದ್ದೇ ಮಾತು. ಮೇಷ್ಟ್ರು ಆಗ ರಿಟೈರ್ ಆಗಿದ್ದರು. ಸಂಜೆ ಅಂಗಡಿಗೆ ಬಂದು ಪೇಪರ್ ಓದುತ್ತಾ ಕೂರುತ್ತಿದ್ದರು. ನಮ್ಮ ಮಾತು ಕೇಳಿಸಿಕೊಂಡು ಕನ್ನಡಕದ ಮೇಲಿಂದ ನೋಡಿ ಕೇಳಿದರು: "ರಿಬ್ಬನ್ ಬಂದಿದ್ಯಾ? ಕಪ್ಪೋ, ಕೆಂಪೋ?"

ಟೈಪ್‌ರೈಟರ್ ಮುಟ್ಟದವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಆ ರಿಬ್ಬನ್ನು ಮೇಲರ್ಧ ಕಪ್ಪು, ಕೆಳಗರ್ಧ ಕೆಂಪು ಇರುತ್ತಿತ್ತು. ಒಂದು ಸಣ್ಣ ಸನ್ನೆ ತಿರುಗಿಸಿದರೆ ಬಣ್ಣ ಬದಲು. ಹಳೆಯದು ಮಾಸಿದರೆ ಅಂಗಡಿಯಿಂದ ಹೊಸದು ತಂದು ಕೈಗೆಲ್ಲ ಮಸಿ ಮಾಡಿಕೊಂಡು ಸುತ್ತಬೇಕು. ಅಷ್ಟಾದರೂ ಕೀಲಿಗಳು ಇದ್ದಲ್ಲೇ ಇರುತ್ತಿದ್ದವು. ರಿಬ್ಬನ್ ಬದಲಾದರೆ ಅಕ್ಷರ ಗಾಢವಾಗುತ್ತಿತ್ತು, ಅಕ್ಷರದ ಜಾಗ ಬದಲಾಗುತ್ತಿರಲಿಲ್ಲ. ಮೇಷ್ಟ್ರು ತಮಾಷೆಗೆ ಕೇಳಿದರೋ ನಿಜವಾಗಿ ಕೇಳಿದರೋ ಇವತ್ತಿಗೂ ಗೊತ್ತಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಆ ಬದಲಾವಣೆಗೂ ಕಾರಣ ಇತ್ತು. ವಿಂಡೋಸ್‌ಗೆ ಬಂದ ಮೊದಲ ವರ್ಡ್‌ನಲ್ಲಿ ಟೂಲ್‌ಬಾರ್, ಅಂದರೆ ಗುಂಡಿಗಳ ಸಾಲು, ಇದ್ದದ್ದು ಎರಡು. 2003ರ ಹೊತ್ತಿಗೆ ಮೂವತ್ತು ದಾಟಿದ್ದವು. ವರ್ಷ ವರ್ಷ ಒಂದೊಂದು ಸೌಲಭ್ಯ ಸೇರಿಸುತ್ತಾ ಹೋದರು, ನಮ್ಮ ಮನೆಯ ಅಟ್ಟದ ಥರ. ಕೊನೆಗೆ ಜನ ಹೊಸದಾಗಿ ಬೇಕು ಅಂತ ಕೇಳುತ್ತಿದ್ದ ಎಷ್ಟೋ ಸೌಲಭ್ಯ ಆಗಲೇ ಒಳಗೆ ಇದ್ದವು. ಯಾರಿಗೂ ಸಿಕ್ಕಿರಲಿಲ್ಲ ಅಷ್ಟೇ. ಅಟ್ಟದಲ್ಲಿ ಒತ್ತು ಶಾವಿಗೆ ಮಣೆ ಇದ್ದೂ ಅಂಗಡಿಯಿಂದ ಇನ್ನೊಂದು ತಂದ ಹಾಗೆ.

ಅದೇ ಹೊತ್ತಿಗೆ ಅವರು ಮಾಡಿದ ಇನ್ನೊಂದು ಲೆಕ್ಕ ನನಗೆ ತುಂಬಾ ಇಷ್ಟ. ಜನ ವರ್ಡ್ 2003ರಲ್ಲಿ ನಿಜಕ್ಕೂ ಏನು ಒತ್ತುತ್ತಾರೆ ಅಂತ ಎಣಿಸಿದರು. ಪೇಸ್ಟ್, ಸೇವ್, ಕಾಪಿ, ಅನ್‌ಡು, ಬೋಲ್ಡ್. ಈ ಐದೇ ಸೇರಿ ಒಟ್ಟು ಬಳಕೆಯ ಶೇ. 32. ಬರೀ ಪೇಸ್ಟ್ ಒಂದೇ ಶೇ. 11ಕ್ಕೂ ಜಾಸ್ತಿ. ಇದನ್ನು ಮೊದಲ ಸಲ ಓದಿದಾಗ ನಮ್ಮ ಅಂಗಡಿಯ ಕಥೆಯನ್ನೇ ಯಾರೋ ಬರೆದ ಹಾಗಿತ್ತು. ಪಾಪ, ಥೀಸಿಸ್‌ಗಳ ಕಥೆಯೂ ಅದೇ. ಪೇಸ್ಟ್‌ನದ್ದೇ ಮೇಲುಗೈ.

ಆದರೆ ಉತ್ಸಾಹ ಒಂದೊಂದು ಸಲ ಜಾಸ್ತಿಯಾಗುತ್ತದೆ. 2007ರ ವರ್ಡ್‌ನಲ್ಲಿ ಫೈಲ್ ಎಂಬ ಮೆನುವನ್ನೂ ತೆಗೆದು ಎಡಮೂಲೆಯಲ್ಲಿ ಗುಂಡನೆಯ ಒಂದು ಬಿಲ್ಲೆ ಇಟ್ಟರು. ನೋಡಲು ಚೆಂದ. ಅದು ಒತ್ತುವ ಗುಂಡಿ ಅಂತ ಹೊಳೆಯದೆ, ಕಂಪನಿಯ ಗುರುತಿರಬೇಕು ಅಂದುಕೊಂಡು "ಪ್ರಿಂಟ್ ಎಲ್ಲಿದೆ?" ಅಂತ ಹುಡುಕಿದವರು ಬೇಕಾದಷ್ಟು ಜನ. 2010ರಲ್ಲಿ ಬಿಲ್ಲೆ ಹೋಯಿತು, ಫೈಲ್ ಅನ್ನುವ ಪದ ವಾಪಸ್ ಬಂತು. ಪದ ಓದಿದರೆ ತಿಳಿಯುತ್ತದೆ. ಚಿತ್ರವನ್ನು ಊಹಿಸಬೇಕು.

ಇಲ್ಲಿಯವರೆಗೆ ನನ್ನದೇ ಗೆಲುವು ಅಂತ ನೀವು ಅಂದುಕೊಂಡಿದ್ದರೆ ಸ್ವಲ್ಪ ತಡೆಯಿರಿ.

ಆ ಮಂಡ್ಯದ ಹುಡುಗ ಎರಡು ದಿನ ಬಿಟ್ಟು ಮತ್ತೆ ಬಂದ. ಪರಿವಿಡಿ ಮಾಡಬೇಕಿತ್ತು. ನಾನು ಎಂದಿನಂತೆ ಅಧ್ಯಾಯದ ಹೆಸರು ಹೊಡೆದು, ಚುಕ್ಕಿ ಚುಕ್ಕಿ ಹಾಕಿ, ಪುಟ ತಿರುಗಿಸಿ ನೋಡಿ ಸಂಖ್ಯೆ ಹಾಕತೊಡಗಿದೆ. ಅವನಿಗೆ ತಡೆಯಲಾಗಲಿಲ್ಲ. "ಅಕ್ಕಾ, ಬೇಜಾರ್ ಮಾಡ್ಕೋಬೇಡಿ, ಒಂದ್ ನಿಮಿಷ ಕೊಡಿ" ಅಂತ ಮೌಸ್ ತಗೊಂಡ. ತಲೆಬರಹಗಳಿಗೆಲ್ಲ ಹೆಡಿಂಗ್ ಸ್ಟೈಲ್, ಅಂದರೆ 'ಇದು ತಲೆಬರಹ' ಅನ್ನುವ ಗುರುತು, ಕೊಟ್ಟ. ಆಮೇಲೆ ಒಂದು ಕಡೆ ಒತ್ತಿದ. ಹನ್ನೊಂದು ಪುಟಗಳ ಪರಿವಿಡಿ ತಾನೇ ಬಂದು ಕೂತಿತು. ಪುಟಸಂಖ್ಯೆ ಸಮೇತ.

ಸ್ಟೈಲ್ ಅನ್ನುವುದು ನಿನ್ನೆ ಮೊನ್ನೆಯದಲ್ಲ. ರಿಬ್ಬನ್‌ಗಿಂತ ಎಷ್ಟೋ ಹಿಂದಿನದು. ನಾನು ಕೆಲಸ ಶುರುಮಾಡಿದ ದಿನವೂ ಅದು ಅಲ್ಲೇ ಇತ್ತು. ಗೈಡ್ ಒಂದು ಪ್ಯಾರಾ ಸೇರಿಸು ಅಂದರೆ ಇಡೀ ಪರಿವಿಡಿಯ ಸಂಖ್ಯೆಗಳನ್ನು ಒಂದೊಂದಾಗಿ ಮತ್ತೆ ತಿದ್ದುತ್ತಾ ನಾನು ಎಷ್ಟು ರಾತ್ರಿ ಕೂತಿದ್ದೆನೋ. ಇದರಲ್ಲಿ ನನ್ನನ್ನು ಬೇಯಿಸುವ ಸಂಗತಿ ಇನ್ನೊಂದಿದೆ. ರಿಬ್ಬನ್ ಬಂದಾಗ ಆ ಸ್ಟೈಲ್‌ಗಳನ್ನು ಮೊದಲ ಟ್ಯಾಬಿನಲ್ಲೇ, ಕಣ್ಣಿಗೆ ಹೊಡೆಯುವ ಹಾಗೆ, ದೊಡ್ಡದಾಗಿ ಇಟ್ಟಿದ್ದರು. ಅಂದರೆ ಹೊಸ ಮುಖ ನನಗೆ ಅದನ್ನೇ ಹೇಳಲು ಬಂದಿತ್ತು. ನಾನು ಸಿಟ್ಟಿನಲ್ಲಿ ಮುಖ ತಿರುಗಿಸಿಕೊಂಡಿದ್ದೆ.

ಹೀಗಾಗಿ "ಅಂದ ಬೇಕೋ, ಸೌಲಭ್ಯ ಬೇಕೋ" ಅನ್ನುವ ಪ್ರಶ್ನೆಗೆ ನಾನು ಮೊದಲು ಕೊಟ್ಟ ಉತ್ತರ ಅಷ್ಟು ಗಟ್ಟಿಯಾಗಿ ಉಳಿದಿಲ್ಲ. ಕಾಣದ ಸೌಲಭ್ಯ ಇದ್ದೂ ಇಲ್ಲದ ಹಾಗೆಯೇ, ಅಲ್ವಾ? ನಮ್ಮ ದೇವರಾಜ ಮಾರುಕಟ್ಟೆಯ ವಿಷಯದಲ್ಲೂ ಇದೇ ಜಗಳ. ಕಣ್ಣು ಮುಚ್ಚಿಕೊಂಡು ಹೋದರೂ ಕಾಲು ಹೂವಿನ ಸಾಲಿಗೆ, ಕುಂಕುಮದ ಸಾಲಿಗೆ ತಾನೇ ತಿರುಗುತ್ತದೆ. ಯಾರಾದರೂ ಕೆಡವಿ ಹೊಸದು ಕಟ್ಟುತ್ತೇವೆ ಅಂದರೆ ಹೊಟ್ಟೆ ಉರಿಯುತ್ತದೆ. ಆದರೆ 2016ರಲ್ಲಿ ಅದರ ಒಂದು ಭಾಗ ಕುಸಿದು ಬಿದ್ದದ್ದೂ ನಿಜ. ಕಾಲಿಗೆ ದಾರಿ ಗೊತ್ತು ಅನ್ನುವುದು ಗೋಡೆಗೆ ಗೊತ್ತಿರುವುದಿಲ್ಲ.

ಇಷ್ಟು ಒಪ್ಪಿಕೊಂಡ ಮೇಲೆ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಜಗತ್ತಿನಲ್ಲಿ ಈ ಚರ್ಚೆ ಆಗುವಾಗಲೆಲ್ಲ ಕನ್ನಡದಲ್ಲಿ ಟೈಪ್ ಮಾಡುವವರ ಕಷ್ಟ ಎರಡು ಗುಂಪಿನ ಪಟ್ಟಿಯಲ್ಲೂ ಇರುವುದಿಲ್ಲ. 2023ರಲ್ಲಿ ವರ್ಡ್‌ನ ಮಾಮೂಲಿ ಫಾಂಟ್ ಕ್ಯಾಲಿಬ್ರಿಯಿಂದ ಆಪ್ಟೋಸ್‌ಗೆ ಬದಲಾಯಿತು. ಪೇಪರುಗಳಲ್ಲೆಲ್ಲ ಸುದ್ದಿ. ಚೆಂದ ಇದೆ, ಚೆಂದ ಇಲ್ಲ ಅಂತ ವಾದ. ಅದರಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲ. ನಮಗೆ ಅದು ಬಂದರೂ ಒಂದೇ, ಹೋದರೂ ಒಂದೇ.

ಹಿಂದೆ ನಾವು ಪಟ್ಟ ಪಾಡು ಈಗಿನ ಹುಡುಗರಿಗೆ ಗೊತ್ತಿಲ್ಲ. ಜಗತ್ತಿನ ಲಿಪಿಗಳ ಅಕ್ಷರಕ್ಕೆಲ್ಲ ಒಂದೊಂದು ಸಂಖ್ಯೆ ಕೊಡುವ ಪಟ್ಟಿ, ಯೂನಿಕೋಡ್, 1991ರಲ್ಲೇ ಬಂದು ಕನ್ನಡಕ್ಕೂ ಅದರಲ್ಲಿ ಜಾಗ ಸಿಕ್ಕಿತ್ತು. ಅದು ನಮ್ಮ ಅಂಗಡಿ ಮುಟ್ಟಲು ಇಪ್ಪತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೆ ಕನ್ನಡ ಅಂದರೆ ವೇಷ ಹಾಕಿದ ಇಂಗ್ಲಿಷ್. ಕಂಪ್ಯೂಟರಿನ ಒಳಗೆ ಇದ್ದದ್ದು ಇಂಗ್ಲಿಷ್ ಅಕ್ಷರಗಳೇ, ಫಾಂಟ್ ಮಾತ್ರ ಕನ್ನಡದ ಅಂಗಿ ತೊಡಿಸುತ್ತಿತ್ತು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಕನ್ನಡ' ಅನ್ನುವ ಪದ ಬತ್ತಲೆ. ಒಂದು ಇಂಗ್ಲಿಷ್ ಪಿ, ತಲೆ ಮೇಲೆ ಓರೆಗೆರೆ ಇಟ್ಟುಕೊಂಡ ಎ, ಒಂದು ಪೌಂಡ್ ಗುರುತು, ಜರ್ಮನ್ನರ ಯಾವುದೋ ಅಕ್ಷರ, ಒಂದು ಕ್ಯೂ. ಹುಡುಕುವ ಪೆಟ್ಟಿಗೆಯಲ್ಲಿ ಕನ್ನಡ ಹೊಡೆದರೆ ಕಾಣುತ್ತಿದ್ದದ್ದೂ ಅದೇ. ವಾಕ್ಯದ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡುವ ಉಪಕಾರ ಬೇರೆ. ಇಂಗ್ಲಿಷ್‌ಗೆ ಅದು ಉಪಕಾರ. ನಮಗೆ ಒಂದು ಅಕ್ಷರ ಹೋಗಿ ಇನ್ನೊಂದು ಬಂದು ಕೂರುತ್ತಿತ್ತು. ಹೊಸ ಕಂಪ್ಯೂಟರಿಗೆ ಪೂಜೆ ಆದ ಮೇಲೆ ನಾವು ಮಾಡುತ್ತಿದ್ದ ಮೊದಲ ಕೆಲಸ ಆ ಆಟೋಕರೆಕ್ಟ್ ಆಫ್ ಮಾಡುವುದು.

ಅದನ್ನೆಲ್ಲ ಸರಿಮಾಡಿದ್ದು ಯಾವ ಬಣ್ಣವೂ ಅಲ್ಲ, ಗುಂಡಿಯೂ ಅಲ್ಲ. ಒಳಗಿನ ಕೆಲಸ. 1998ರಲ್ಲಿ ಬಂದ ಬರಹ, ಆಮೇಲಿನ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳು, ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ತುಂಗಾ ಫಾಂಟ್, ಅಕ್ಷರಗಳನ್ನು ಕೂಡಿಸಿ ಒತ್ತು ಕೆಳಗಿಳಿಸುವ ಕಾಣದ ಯಂತ್ರಗಳು. ಇವುಗಳ ಫೋಟೋ ತೆಗೆದು ಯಾರಿಗೂ ತೋರಿಸಲಾಗುವುದಿಲ್ಲ. ತೋರಿಸಲು ಆಗದ ಕೆಲಸಕ್ಕೆ ಚಪ್ಪಾಳೆಯೂ ಕಡಿಮೆ.

ಇವತ್ತಿಗೂ ಬಾಕಿ ಇರುವುದು ಅದೇ ಜಾತಿಯ ಕೆಲಸ. ತಪ್ಪು ಪದದ ಕೆಳಗೆ ಬರುವ ಕೆಂಪು ಗೆರೆಯನ್ನೇ ತಗೊಳ್ಳಿ. ಇಂಗ್ಲಿಷ್‌ನಲ್ಲಿ ಹೌಸ್ ಅನ್ನುವ ಪದಕ್ಕೆ ಎಷ್ಟು ರೂಪ? ಎರಡೋ ಮೂರೋ. ನಮ್ಮ 'ಮನೆ' ಹಾಗಲ್ಲ. ಮನೆಯ, ಮನೆಯಲ್ಲಿ, ಮನೆಯಲ್ಲಿದ್ದ, ಮನೆಯಲ್ಲಿದ್ದವರು, ಮನೆಯಲ್ಲಿದ್ದವರಿಗೂ, ಮನೆಯಲ್ಲಿದ್ದವರಿಗೇನಂತೆ. ಬಾಲಕ್ಕೆ ಬಾಲ. ಪದಗಳ ಪಟ್ಟಿ ಎಷ್ಟೇ ಉದ್ದ ಇದ್ದರೂ ಇದು ಅದರೊಳಗೆ ಹಿಡಿಯುವುದಿಲ್ಲ. ಪದವನ್ನು ಬಿಡಿಸಿ ನೋಡುವ ಬುದ್ಧಿ ಒಳಗೆ ಇರಬೇಕು. ಆ ಬುದ್ಧಿ ಇಲ್ಲದ ಕಡೆ ಸರಿಯಾದ ಪದಕ್ಕೂ ಗೆರೆ, ತಪ್ಪು ಪದಕ್ಕೂ ಗೆರೆ. ಹತ್ತು ದಿನದಲ್ಲಿ ಕಣ್ಣು ಗೆರೆಯನ್ನೇ ನೋಡುವುದು ಬಿಡುತ್ತದೆ. ಆಮೇಲೆ 'ಅದ್ಯಯನ' ಅನ್ನುವುದು ಮುಖಪುಟದಲ್ಲೇ ಉಳಿದು ಬೈಂಡಿಂಗ್ ಆಗಿ ಹೋಗುತ್ತದೆ. ಹಾಗೆ ಒಂದು ಹೋಗಿದೆ. ನನ್ನ ಕೈಯಿಂದಲೇ.

ಇನ್ನು 'ರ‍್ಯಾಂಕ್'. ಸೂರ್ಯನಲ್ಲಿ ಅರ್ಕಾವತ್ತು ಬೇಕು, ಇಲ್ಲಿ ಬೇಡ. ಬೇಡ ಅಂತ ಹೇಳಲು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು. 'ಸಾಫ್ಟ್‌ವೇರ್' ಬರೆಯುವಾಗ ವ ಹೋಗಿ ಟ ಕೆಳಗೆ ಒತ್ತಾಗಿ ಕೂರದ ಹಾಗೆ ಇನ್ನೊಂದು ಕಾಣದ ಗುರುತು. ಒಬ್ಬರು ಹಾಕಿರುತ್ತಾರೆ, ಒಬ್ಬರು ಹಾಕಿರುವುದಿಲ್ಲ, ಒಬ್ಬರು ಖಾಲಿ ಜಾಗ ಬಿಟ್ಟಿರುತ್ತಾರೆ. ಓದುವವರಿಗೆ ಮೂರೂ ಒಂದೇ ಪದ. ಹುಡುಕಿ ಬದಲಾಯಿಸಲು ಹೋದರೆ ಮೂರೂ ಬೇರೆ ಬೇರೆ. ಒಂದು ಥೀಸಿಸ್ ಮೂರು ಕಡೆ ಟೈಪ್ ಆಗಿ ಬಂದರೆ ಅವತ್ತು ನಮ್ಮ ಮನೆಯಲ್ಲಿ ರಾತ್ರಿ ಅಡುಗೆ ಇಲ್ಲ.

ಅಳಿಸುವುದರಲ್ಲೂ ವಿಚಿತ್ರ. 'ಸ್ತ್ರೀ' ನಮಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಆರು ತುಂಡು. ಹಿಂದಿನಿಂದ ಬ್ಯಾಕ್‌ಸ್ಪೇಸ್ ಒತ್ತಿದರೆ ಒಂದೊಂದೇ ತುಂಡು ಕಳಚುತ್ತದೆ, ಮುಂದಿನಿಂದ ಡಿಲೀಟ್ ಒತ್ತಿದರೆ ಪೂರ್ತಿ ಅಕ್ಷರ ಮಾಯ. ಇದು ನನಗೆ ಅಭ್ಯಾಸವಾಗಿದೆ, ನಿಜ ಹೇಳಬೇಕೆಂದರೆ ಇಷ್ಟವೂ ಆಗಿದೆ. ಇದನ್ನು ಯಾರಾದರೂ "ಸರಿಮಾಡಿದರೆ" ಮತ್ತೆ ಸಿಟ್ಟು ಬರಬಹುದು. ನೋಡಿ, ನನ್ನ ನ್ಯಾಯವೂ ಎಷ್ಟು ಡೊಂಕು.

ಸಾಲಿನ ನಡುವಿನ ಜಾಗದ ಬಗ್ಗೆ ಬರೆಯಲು ಕೂತರೆ ಇನ್ನೊಂದು ಬರಹವೇ ಆಗುತ್ತದೆ, ಬಿಡಿ. ಕನ್ನಡದ ನಡುವೆ ಒಂದು ಇಂಗ್ಲಿಷ್ ಪದ ಬಂದ ಸಾಲು ಒಂದು ಎತ್ತರ, ಬರದ ಸಾಲು ಒಂದು ಎತ್ತರ. ಎಲ್ಲಕ್ಕೂ ಒಂದೇ ಅಳತೆ ಕಟ್ಟಿ ಹಾಕಿದರೆ ಒತ್ತಕ್ಷರದ ಬಾಲ ಕತ್ತರಿಸಿ ಹೋಗುತ್ತದೆ. ಅಷ್ಟು ಸಾಕು.

ಯಾರಾದರೂ ನನ್ನನ್ನು ಕೂರಿಸಿಕೊಂಡು ಕೇಳಿದರೆ ಹೇಳುವುದು ಇಷ್ಟೇ. ಮುಖ ಬದಲಾಯಿಸಿ, ಬೇಡ ಅನ್ನಲ್ಲ. ಆ ಹುಡುಗನಂಥವರು ಹಳೇ ಮುಖ ನೋಡಿ ಒಳಗೇ ಬರದೆ ಹೋಗುತ್ತಾರೆ. ನನ್ನಂಥವಳು ಬಂದೂ ಒಳಗೇನಿದೆ ಅಂತ ನೋಡದೆ ಹೋಗುತ್ತಾಳೆ. ಆದರೆ ಹಳೆಯದನ್ನೂ ಒಂದು ಮೂಲೆಯಲ್ಲಿ ಉಳಿಸಿ. ಲಿಬ್ರೆಆಫೀಸ್‌ನವರು ಮಾಡಿರುವುದು ಅದನ್ನೇ. ವರ್ಡ್‌ನಲ್ಲೂ ಮೆನು ಹೋದ ಮೇಲೂ ಕೀಲಿಮಣೆಯ ಕಂಟ್ರೋಲ್ ಶಾರ್ಟ್‌ಕಟ್‌ಗಳು ಹಾಗೇ ಉಳಿದವು, ಅದಕ್ಕೇ ಎಷ್ಟೋ ಟೈಪಿಸ್ಟುಗಳ ಹೊಟ್ಟೆಪಾಡು ನಡೆಯಿತು. ಮತ್ತೆ, ಬಣ್ಣಕ್ಕೆ ಕೂರಿಸಿದಷ್ಟು ಜನರನ್ನು ಆ ಕಾಣದ ಗುರುತುಗಳ ಮುಂದೆಯೂ ಕೂರಿಸಿ. ನನ್ನ ಓಟು ಎರಡಿದ್ದರೆ ಎರಡೂ ಅದಕ್ಕೇ.

ನಿನ್ನೆ ಹುಡುಗನ ಕೊನೆಯ ಅನುಬಂಧ ಬಂತು. ಮಂಡ್ಯ ಜಿಲ್ಲೆಯ ಊರುಗಳ ಅಕಾರಾದಿ ಪಟ್ಟಿ. ಯಾವುದೋ ವೆಬ್‌ಸೈಟಿಗೆ ಹಾಕಿ ಅವನೇ ಜೋಡಿಸಿಕೊಂಡು ಬಂದಿದ್ದ. ಗೈಡ್ ಅದರ ಮೇಲೆ ಪೆನ್ಸಿಲ್‌ನಲ್ಲಿ ದೊಡ್ಡ ಸೊನ್ನೆ ಸುತ್ತಿ ಕಳಿಸಿದ್ದರು. ಮದ್ದೂರು ಆದ ಮೇಲೆ ಮಳವಳ್ಳಿ, ಅದಾದ ಮೇಲೆ ಮಹದೇವಪುರ. ಬೆಳ್ಳೂರು ಮೇಲೆ, ಬೆಸಗರಹಳ್ಳಿ ಕೆಳಗೆ.

"ಏನ್ ತಪ್ಪು ಅಂತಾನೇ ಗೊತ್ತಾಗ್ತಿಲ್ಲ ಅಕ್ಕಾ" ಅಂದ.

"ವರ್ಣಮಾಲೆಯ ಕೊನೆ ಭಾಗ ಹೇಳು."

"ಶ, ಷ, ಸ, ಹ, ಳ..." ಅಲ್ಲಿಗೆ ನಿಲ್ಲಿಸಿದ.

ನಮ್ಮಲ್ಲಿ ಳ ಕಟ್ಟಕಡೆಗೆ. ಯೂನಿಕೋಡ್ ಪಟ್ಟಿಯಲ್ಲಿ ಮಾತ್ರ ಅದು ಲ ಪಕ್ಕದಲ್ಲೇ ಕೂತಿದೆ. ಭಾರತದ ಲಿಪಿಗಳಿಗೆಲ್ಲ ಒಂದೇ ಅಚ್ಚು ಮಾಡಿದ ಹಳೆಯ ಇಸ್ಕಿ ಪಟ್ಟಿಯನ್ನು ನೋಡಿ ಜಾಗ ಹಂಚಿದ್ದರಿಂದ ಹಾಗಾಗಿದೆ. ಕನ್ನಡದ ಕ್ರಮ ಕಲಿಸಿರುವ ಸಾಫ್ಟ್‌ವೇರ್ ಇದನ್ನು ಸರಿಯಾಗಿ ಜೋಡಿಸುತ್ತದೆ. ಕಲಿಸದಿದ್ದದ್ದು ಪಟ್ಟಿಯ ಸಾಲನ್ನೇ ಹಿಡಿದು ಹೋಗುತ್ತದೆ. ಆ ವೆಬ್‌ಸೈಟಿನ ನೋಟ ಮಾತ್ರ ತುಂಬಾ ಚೆನ್ನಾಗಿತ್ತಂತೆ.

ಮತ್ತೊಮ್ಮೆ ವಿಂಗಡಿಸಿಬಿಡೋಣ ಅಂದರೆ ಅವನು ಪ್ರತಿ ಊರಿನ ಕೆಳಗೂ ಎರಡು ಮೂರು ಸಾಲು ಟಿಪ್ಪಣಿ ಸೇರಿಸಿಬಿಟ್ಟಿದ್ದಾನೆ. ಈಗ ಒತ್ತಿದರೆ ಊರು ಒಂದು ಕಡೆ, ಟಿಪ್ಪಣಿ ಇನ್ನೊಂದು ಕಡೆ. ಹಾಗಾಗಿ ಇವತ್ತು ಬೆಳಿಗ್ಗೆಯಿಂದ ಕೈಯಲ್ಲೇ ನಡೆದಿದೆ. ಕಟ್, ಕೆಳಗಿಳಿ, ಪೇಸ್ಟ್. ಹುಡುಗ ಸ್ಟೂಲಿನ ಮೇಲೆ ಕೂತು ಓದಿ ಹೇಳುತ್ತಿದ್ದಾನೆ. ಈಗ ಹ ಅಕ್ಷರಕ್ಕೆ ಬಂದಿದ್ದೇವೆ. ಹೊಳಲು ಮೇಲಿದೆ, ಅದನ್ನು ಎತ್ತಬೇಕು. ಮೊದಲು ಹೊಸಬೂದನೂರು, ಆಮೇಲೆ ಹೊಸಹೊಳಲು, ಆಮೇಲೆ ಹೊಳಲು.